ಮಕ್ಕಳ ತೋಟದ ಮಾಲಿ

ಜರ್ಮನಿಯ ತುರಿಂಜಿಯ ಪ್ರಾಂತದಲ್ಲಿ ಲೀಬೆನ್‌ಸ್ಟೈನ್ ಎಂಬ ಊರಿದೆ. ಅಲ್ಲಿನ ಖನಿಜ ಜಲದ ಬುಗ್ಗೆಗಳಿಂದ ಆರೋಗ್ಯವನ್ನು ಸುಧಾರಿಸಿಕೊಳ್ಳಲು ಸಿರಿವಂತರು ಬೇಸಗೆಯಲ್ಲಿ ಅಲ್ಲಿಗೆ ಬಂದು ತಂಗುತ್ತಿದ್ದರು. 1849ರ ಬೇಸಗೆಯಲ್ಲಿ ಹಾಗೆ ಬಂದವರಲ್ಲಿ ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಶ್ರೀಮಂತ ಮನೆತನದ ಮಹಿಳೆಯೂ ಒಬ್ಬರು. ಹಳ್ಳಿಯ ಹುಡುಗರೊಡನೆ ಕುಣಿದಾಡುವ ಒಬ್ಬ ಮುದುಕ ಊರಿಗೆ ಬಂದು ನೆಲಸಿದ್ದಾನೆಂದೂ ಜನರೆಲ್ಲ ಆತನನ್ನು ಮರುಳನೆಂದು ಕರೆಯುತ್ತಾರೆಂದೂ ಅವರ ಕಿವಿಗೆ ಬಿತ್ತು. ಕೆಲವು ದಿನಗಳಲ್ಲಿ ಆ ಮುದುಕನನ್ನು ಅವರು ಕಣ್ಣಾರೆ ಕಂಡರು. ನೀಳವಾದ ನರೆಗೂದಲಿನ, ತೆಳ್ಳನೆಯ, ಎತ್ತರದ ವ್ಯಕ್ತಿ. ಅವರ ಹಿಂದೆ ಇಬ್ಬಿಬ್ಬರಾಗಿ ಕೈ ಹಿಡಿದು ಗುಡ್ಡ ಹತ್ತುತ್ತಿದ್ದ ಬರಿಗಾಲಿನ ಮಕ್ಕಳು. ಗುಡ್ಡದ ಮೇಲೆ ಆ ಮುದುಕರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಾವೂ ಅವರಲ್ಲಿ ಒಬ್ಬರಾಗಿ ಹಾಡುತ್ತ ಆಡತೊಡಗಿದರು. ಅವರ ಮುಖದಲ್ಲಿದ್ದ ಶ್ರದ್ಧೆಯನ್ನೂ ಪ್ರೀತಿಯನ್ನೂ ಕಂಡು ಆ ಮಹಿಳೆಯ ಕಣ್ಣು ತೇವವಾಯಿತು. ಇದು ಮರುಳಾಟವಲ್ಲ, ಒಂದು ತಪಸ್ಸು ಎಂಬುದು ಅವರಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಜಗತ್ತಿಗೆ ಕಿಂಡರ್‌ಗಾರ್ಟನ್ ಎಂಬ ಶಿಶುಶಾಲೆಯನ್ನು ಕೊಟ್ಟ ಫ್ರೆಡರಿಕ್ ಫ್ರೋಬೆಲ್ಲರೇ ಆ ಮುದುಕರು.

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ತುರಿಂಜಿಯದ ಕಾಡುಗಳ ನಡುವಣ ಓಬರ್‌ವೈಸ್‌ಬಾಕ್ ಎಂಬ ಹಳ್ಳಿಯಲ್ಲಿ. ತಂದೆ ಆ ಊರಿನ ಪಾದ್ರಿ. ಹಲವು ಹಳ್ಳಿಗಳ ಭಕ್ತರ ಕಷ್ಟಸುಖಗಳನ್ನು ವಿಚಾರಿಸುವುದರಲ್ಲಿಯೇ ಅವರ ದಿನಗಳು ಕಳೆದುಹೋಗುತ್ತಿದ್ದವು. ಮಗುವಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ, ತಾಯಿ ತೀರಿಕೊಂಡಳು. ತಾಯಿಯ ಮುಖವಾಗಲಿ ಧ್ವನಿಯಾಗಲಿ ಆ ಮಗುವಿನ ನೆನಪಿನಲ್ಲಿ ಉಳಿಯುವಂತಿರಲಿಲ್ಲ. ಕೂಸು ಮನೆಯ ಸೇವಕರ ಮತ್ತು ಅಣ್ಣಂದಿರ ಕೈಯಲ್ಲಿ ಬೆಳೆಯಿತು.

ಕೆಲಕಾಲದಲ್ಲಿ ತಂದೆ ಮರುಮದುವೆಯಾದರು. ಮಲತಾಯಿ ಮೊದಮೊದಲು ಮಗುವನ್ನು ಅಕ್ಕರೆಯಿಂದಲೇ ಕಂಡಳು. ಪ್ರೀತಿಗಾಗಿ ಹಂಬಲಿಸಿದ್ದ ಮಗು ತನ್ನ ಹೃದಯವನ್ನೆಲ್ಲ ಆಕೆಗೆ ಒಪ್ಪಿಸಿತು. ಆದರೆ ಆಕೆಗೆ ತನ್ನದೇ ಆದ ಗಂಡುಮಗು ಹುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ಜರ್ಮನ್ ಭಾಷೆಯಲ್ಲಿ ಆಪ್ತರನ್ನು ಕರೆಯಲು ನಮ್ಮ 'ನೀನು' ಎಂಬುದಕ್ಕೆ ಸಮಾನವಾದ ಒಂದು ಪದವಿದೆ. ಮಲತಾಯಿ ಆ ಪದವನ್ನು ಬಿಟ್ಟು, ಎದುರಿಗಿದ್ದ ಹುಡುಗನನ್ನೇ 'ಅವನು' ಎಂದು ಸಂಬೋಧಿಸತೊಡಗಿದಳು. ಒಂದು ಸಣ್ಣ ಪದ ಬದಲಾದದ್ದು ಅಷ್ಟೆ. ಆದರೆ ಎಳೆಯ ಮನಸ್ಸಿಗೆ ಮನೆಯ ಬಾಗಿಲೇ ಮುಚ್ಚಿದಂತಾಯಿತು. ಮುಪ್ಪಿನವರೆಗೂ ಫ್ರೋಬೆಲ್ಲರು ಆ ನೋವನ್ನು ಮರೆಯಲಿಲ್ಲ.

ಓದಿನಲ್ಲಿಯೂ ಹುಡುಗ ಹಿಂದೆ ಬಿದ್ದಿದ್ದ. ಮಗ ಮಂದಬುದ್ಧಿಯವನೆಂದು ತಂದೆ ಭಾವಿಸಿದರು. ಅವನನ್ನು ಊರಿನ ಹುಡುಗಿಯರ ಶಾಲೆಗೆ ಸೇರಿಸಿದರು. ಹೀಗೆ ಒಂಟಿಯಾದ ಬಾಲಕನಿಗೆ ತೋಟವೂ ಸುತ್ತಣ ಬೆಟ್ಟಗಳೂ ಸಂಗಾತಿಗಳಾದವು. ರಜೆಯಲ್ಲಿ ಮನೆಗೆ ಬರುತ್ತಿದ್ದ ಅಣ್ಣ ಕ್ರಿಸ್ಟೋಫ್ ಮಾತ್ರ ಅವನೊಡನೆ ಪ್ರೀತಿಯಿಂದ ಮಾತನಾಡಿ, ಗಿಡದ ಮೊಗ್ಗುಗಳನ್ನು ತೋರಿಸಿ, ಹೂವಿನ ಬಾಳಿನ ಗುಟ್ಟನ್ನು ತಿಳಿಸಿಕೊಡುತ್ತಿದ್ದ. ಹತ್ತನೆಯ ವಯಸ್ಸಿನಲ್ಲಿ ಫ್ರೆಡರಿಕನ ಅದೃಷ್ಟ ತೆರೆಯಿತು. ಸ್ಟಾಟ್‌ಇಲ್ಮ್ ಎಂಬ ಪಟ್ಟಣದಲ್ಲಿ ಧರ್ಮಾಧಿಕಾರಿಯಾಗಿದ್ದ ಸೋದರಮಾವ ಹಾಫ್‌ಮನ್ನರು ತೀರಿಹೋದ ತಂಗಿಯ ಮಗನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಗದರಿಕೆ ಇರಲಿಲ್ಲ, ನಂಬಿಕೆ ಇತ್ತು. ಓರಗೆಯ ಹುಡುಗರೊಡನೆ ಮನಸಾರೆ ಆಡಲು ಬಿಡುವಿತ್ತು. ಅದೇ ಹುಡುಗ ಅಲ್ಲಿ ಗೆಲುವಾದ, ಕಲಿಯುವವನಾದ. ಮಗು ಮಂಕಾಗುವುದು ಬುದ್ಧಿಯ ಕೊರತೆಯಿಂದಲೇ ಅಲ್ಲ, ಪ್ರೀತಿಯ ಕೊರತೆಯಿಂದಲೂ ಹೌದು ಎಂಬ ಸತ್ಯವನ್ನು ಫ್ರೋಬೆಲ್ಲರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಅದನ್ನು ಅವರು ಬದುಕಿನಿಂದಲೇ ಕಲಿತಿದ್ದರು.

ಹದಿನೈದನೆಯ ವಯಸ್ಸಿನಲ್ಲಿ ಅವರು ಒಬ್ಬ ಅರಣ್ಯಾಧಿಕಾರಿಯ ಬಳಿ ಕೆಲಸ ಕಲಿಯಲು ಸೇರಿದರು. ಗುರು ಹೆಚ್ಚೇನೂ ಕಲಿಸಲಿಲ್ಲ, ಕಾಡೇ ಕಲಿಸಿತು. ಆಮೇಲೆ ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿದರು. ತಮ್ಮಲ್ಲಿದ್ದ ಹಣವನ್ನು ಅಣ್ಣನಿಗೆ ಸಾಲ ಕೊಟ್ಟು, ತಾವು ಊಟದ ಬಾಕಿಯನ್ನು ತೀರಿಸಲಾರದೆ, ವಿಶ್ವವಿದ್ಯಾನಿಲಯದ ಸೆರೆಕೋಣೆಯಲ್ಲಿ ಒಂಬತ್ತು ವಾರ ಕಳೆಯಬೇಕಾಯಿತು. 1801ರಲ್ಲಿ ವ್ಯಾಸಂಗ ಅಷ್ಟಕ್ಕೇ ನಿಂತಿತು. ಮುಂದೆ ಕೆಲವು ವರ್ಷ ಜಮೀನಿನ ಲೆಕ್ಕಪತ್ರ, ಭೂಮಾಪನ ಮುಂತಾದ ಹಲವು ಕೆಲಸಗಳಲ್ಲಿ ಅಲೆದರು. 1805ರಲ್ಲಿ ವಾಸ್ತುಶಿಲ್ಪವನ್ನು ಕಲಿಯಬೇಕೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದರು. ಅಲ್ಲಿ ಒಂದು ಮಾದರಿ ಶಾಲೆಯ ಮುಖ್ಯಸ್ಥರಾಗಿದ್ದ ಗ್ರೂನರ್ ಎಂಬವರು ಈ ತರುಣನ ಮನೋಧರ್ಮವನ್ನು ಗುರುತಿಸಿ, ಕಟ್ಟಡ ಕಟ್ಟುವುದನ್ನು ಬಿಟ್ಟು ಮಕ್ಕಳಿಗೆ ಪಾಠ ಹೇಳುವಂತೆ ಕೇಳಿಕೊಂಡರು. ಮೊದಲ ದಿನ ಮಕ್ಕಳ ಮುಂದೆ ನಿಂತಾಗಲೇ ಫ್ರೋಬೆಲ್ಲರಿಗೆ, ಬಹುಕಾಲದಿಂದ ಅರಸುತ್ತಿದ್ದ ತಮ್ಮ ಮನೆಯನ್ನು ತಲುಪಿದಂತೆ ಅನ್ನಿಸಿತು.

ಆ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಇವರ್ಡನ್ ಎಂಬ ಊರಿನಲ್ಲಿದ್ದ ಪೆಸ್ಟಲಾಟ್ಸಿಯವರ ಶಾಲೆ ಯೂರೋಪಿನಲ್ಲೆಲ್ಲ ಹೆಸರಾಗಿತ್ತು. ಕಂಠಪಾಠಕ್ಕೆ ಬದಲಾಗಿ ಮಕ್ಕಳು ಕಣ್ಣಿನಿಂದ ಕಂಡು, ಕೈಯಿಂದ ಮುಟ್ಟಿ ಕಲಿಯಬೇಕು ಎಂಬುದೂ, ತಾಯಿಯೇ ಮೊದಲ ಶಿಕ್ಷಕಿ ಎಂಬುದೂ ಪೆಸ್ಟಲಾಟ್ಸಿಯವರ ಬೋಧೆಯಾಗಿತ್ತು. ಫ್ರೋಬೆಲ್ಲರು 1808ರಿಂದ 1810ರವರೆಗೆ, ತಾವು ಪಾಠ ಹೇಳುತ್ತಿದ್ದ ಮೂವರು ಬಾಲಕರೊಡನೆ ಅಲ್ಲಿಯೇ ನೆಲಸಿ ಶಿಷ್ಯರಂತೆ ಕಲಿತರು. ಹುಡುಗರು ಬಯಲಿನಲ್ಲಿ ಆಡುತ್ತಿದ್ದ ಆಟಗಳು ಅವರ ಮನಸ್ಸನ್ನು ವಿಶೇಷವಾಗಿ ಸೆಳೆದವು. ಆಟವೆಂದರೆ ಪಾಠದ ನಡುವಣ ವಿಶ್ರಾಂತಿ ಮಾತ್ರವಲ್ಲ, ಅದೇ ಮಗುವಿನ ದೇಹಮನಸ್ಸುಗಳನ್ನು ರೂಪಿಸುವ ಶಕ್ತಿ ಎಂಬ ವಿಚಾರ ಅವರಲ್ಲಿ ಬಲಿಯತೊಡಗಿತು.

1813ರಲ್ಲಿ ನೆಪೋಲಿಯನ್ನನ ವಿರುದ್ಧ ನಡೆದ ಯುದ್ಧದಲ್ಲಿ ಅವರು ಸ್ವಯಂಸೇವಕ ಸೈನಿಕರಾದರು. ಆ ದಂಡಿನಲ್ಲಿ ದೊರೆತ ಮಿಡೆಂಡಾರ್ಫ್ ಮತ್ತು ಲಾಂಗೆಥಾಲ್ ಎಂಬ ಇಬ್ಬರು ಗೆಳೆಯರು ಮುಂದೆ ಅವರ ಕಾರ್ಯಕ್ಕೆ ಹೆಗಲು ಕೊಟ್ಟರು. ಯುದ್ಧದ ತರುವಾಯ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು. ಹರಳುಗಳು ಒಳಗಿನಿಂದಲೇ ನಿಯಮಬದ್ಧವಾಗಿ ಬೆಳೆದು ಘನ, ಅಷ್ಟಮುಖ ಮುಂತಾದ ಆಕಾರಗಳನ್ನು ತಳೆಯುವುದನ್ನು ಅವರು ದಿನವೂ ನೋಡುತ್ತಿದ್ದರು. ಮನುಷ್ಯನೂ ಹೀಗೆಯೇ ಒಳಗಿನಿಂದ ಅರಳಬೇಕಾದವನಲ್ಲವೇ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಅಷ್ಟರಲ್ಲಿ, ಗಾಯಾಳು ಸೈನಿಕರ ಸೇವೆ ಮಾಡುತ್ತಿದ್ದ ಪ್ರೀತಿಯ ಅಣ್ಣ ಕ್ರಿಸ್ಟೋಫ್ ಜ್ವರಕ್ಕೆ ತುತ್ತಾಗಿ ತೀರಿಕೊಂಡಿದ್ದ. ತಂದೆಯಿಲ್ಲದ ಆ ಮಕ್ಕಳ ಕರೆ ಫ್ರೋಬೆಲ್ಲರಿಗೆ ಖನಿಜಶಾಸ್ತ್ರದ ಹುದ್ದೆಗಿಂತ ದೊಡ್ಡದಾಗಿ ಕಂಡಿತು. ಸಂಬಳದ ಕೆಲಸವನ್ನು ಬಿಟ್ಟು, 1816ರಲ್ಲಿ ಅಣ್ಣಂದಿರ ಐವರು ಮಕ್ಕಳನ್ನೇ ಶಿಷ್ಯರನ್ನಾಗಿ ಮಾಡಿಕೊಂಡು ಒಂದು ಶಾಲೆಯನ್ನು ತೆರೆದರು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಬಂದಿತು. ಬಡತನ ಮಾತ್ರ ಜೊತೆ ಬಿಡಲಿಲ್ಲ. 1818ರಲ್ಲಿ ಅವರ ಕೈ ಹಿಡಿದ ವಿಲ್ಹೆಲ್ಮಿನೆ, ಅನುಕೂಲಸ್ಥರ ಮನೆಯ ಮಗಳಾಗಿದ್ದರೂ ಆ ಕಷ್ಟಗಳನ್ನೆಲ್ಲ ಸಂತೋಷದಿಂದ ಹಂಚಿಕೊಂಡಳು. 1826ರಲ್ಲಿ ಫ್ರೋಬೆಲ್ಲರು ಮಾನವನ ಶಿಕ್ಷಣವನ್ನು ಕುರಿತ ತಮ್ಮ ಮುಖ್ಯ ಗ್ರಂಥವನ್ನು ಪ್ರಕಟಿಸಿದರು. ಆದರೆ ಸ್ವಾತಂತ್ರ್ಯದ ಮಾತೆತ್ತಿದವರನ್ನೆಲ್ಲ ಸರ್ಕಾರಗಳು ಶಂಕೆಯಿಂದ ನೋಡುತ್ತಿದ್ದ ಕಾಲವದು. ಆ ಶಂಕೆ ಕೈಲ್‌ಹೌ ಶಾಲೆಯ ಮೇಲೂ ಬಿದ್ದು, ಮಕ್ಕಳ ಸಂಖ್ಯೆ ಕುಸಿಯಿತು.

1831ರಿಂದ ಐದು ವರ್ಷ ಫ್ರೋಬೆಲ್ಲರು ಸ್ವಿಟ್ಜರ್ಲೆಂಡಿನಲ್ಲಿ ದುಡಿದರು. ಅಲ್ಲಿಯ ಬುರ್ಗ್‌ಡಾರ್ಫ್ ಊರಿನ ಅನಾಥಾಲಯದ ಹೊಣೆ ಹೊತ್ತಿದ್ದಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಆರೇಳು ವರ್ಷಕ್ಕೆ ಶಾಲೆಗೆ ಬರುವ ಮಗುವಿನ ಜೀವನದಲ್ಲಿ ಅತಿ ಮುಖ್ಯವಾದ ಕಾಲ ಅದಾಗಲೇ ಕಳೆದುಹೋಗಿರುತ್ತದೆ. ಆ ಕಾಲದಲ್ಲಿ ಯಾರೂ ಅದರೊಡನೆ ಆಡದಿದ್ದರೆ, ಹಾಡದಿದ್ದರೆ, ಮಾತನಾಡದಿದ್ದರೆ ಆ ಕೊರತೆಯನ್ನು ಶಾಲೆ ತುಂಬುವುದು ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಮ್ಮ ಹಿರಿಯರು ಹೇಳುವರಷ್ಟೆ. ಫ್ರೋಬೆಲ್ಲರ ದೃಷ್ಟಿ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಯಿತು. ಗಿಡವನ್ನು ಬಗ್ಗಿಸುವುದಲ್ಲ, ಅದರ ಬುಡಕ್ಕೆ ನೀರೆರೆಯುವುದು ಶಿಕ್ಷಕನ ಕೆಲಸ ಎಂದು ಅವರು ತಿಳಿದರು. ವಿದ್ವಾಂಸರು ಗಮನಕ್ಕೇ ತಂದುಕೊಳ್ಳದಿದ್ದ ತೊಟ್ಟಿಲ ಕೂಸಿನ ಶಿಕ್ಷಣವನ್ನು, ಐವತ್ತು ದಾಟಿದ ಈ ಮಕ್ಕಳಿಲ್ಲದ ಮನುಷ್ಯ ತಮ್ಮ ಜೀವನದ ಗುರಿಯನ್ನಾಗಿ ಮಾಡಿಕೊಂಡರು.

1837ರಲ್ಲಿ ಅವರು ತುರಿಂಜಿಯದ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ನೆಲಸಿ ಆಟದ ಸಾಮಾನುಗಳನ್ನು ತಯಾರಿಸತೊಡಗಿದರು. ಅವುಗಳಿಗೆ ಉಡುಗೊರೆಗಳೆಂದು ಹೆಸರಿಟ್ಟರು. ಮೊದಲನೆಯ ಉಡುಗೊರೆ ಇನ್ನೂ ಮಾತು ಬಾರದ ಕೂಸಿಗಾಗಿ. ಉಣ್ಣೆಯ ದಾರದಿಂದ ಹೆಣೆದ ಆರು ಮೆತ್ತನೆಯ ಚೆಂಡುಗಳು. ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ, ನೇರಿಳೆ ಎಂದು ಕಾಮನಬಿಲ್ಲಿನ ಬಣ್ಣಗಳು ಅವಕ್ಕೆ. ಒಂದೊಂದಕ್ಕೂ ಒಂದು ದಾರ. ತಾಯಿ ಚೆಂಡನ್ನು ದಾರದಲ್ಲಿ ಹಿಡಿದು ಮಗುವಿನ ಮುಂದೆ ಅತ್ತಿತ್ತ ತೂಗಬೇಕು. ಆ ತೂಗಾಟದ ಲಯಕ್ಕೆ ಸರಿಯಾಗಿ ಹಾಡಬೇಕು. ಕೂಸಿನ ಕಣ್ಣು ಬಣ್ಣವನ್ನು ಹಿಂಬಾಲಿಸುತ್ತದೆ, ಕಿವಿ ಲಯವನ್ನು ಹಿಡಿಯುತ್ತದೆ, ಕೈ ಮೆತ್ತನೆಯ ಸ್ಪರ್ಶವನ್ನು ಅರಿಯುತ್ತದೆ. ತಾಯಿ ಚೆಂಡನ್ನು ಅಂಗೈಯಲ್ಲಿ ಬಚ್ಚಿಟ್ಟು ಮತ್ತೆ ತೋರಿಸಿದಾಗ, ಕಣ್ಣಿಗೆ ಕಾಣದಿದ್ದರೂ ವಸ್ತು ಇಲ್ಲವಾಗುವುದಿಲ್ಲ ಎಂಬ ಮಹತ್ತಾದ ಪಾಠವನ್ನು ಅದು ನಗುನಗುತ್ತ ಕಲಿಯುತ್ತದೆ.

ಎರಡನೆಯ ಉಡುಗೊರೆ ಮರದ ಗೋಳ ಮತ್ತು ಮರದ ಘನ. ಮುಂದೆ ಇವೆರಡರ ಗುಣಗಳೂ ಕೂಡಿದ ಸಿಲಿಂಡರನ್ನು ಸೇರಿಸಿದರು. ಗೋಳ ಉರುಳುತ್ತದೆ, ಘನ ನಿಲ್ಲುತ್ತದೆ, ಸಿಲಿಂಡರು ನಿಲ್ಲಲೂ ಬಲ್ಲದು, ಉರುಳಲೂ ಬಲ್ಲದು. ಉಣ್ಣೆಯ ಚೆಂಡು ಸದ್ದಿಲ್ಲದೆ ಬಿದ್ದರೆ ಮರದ ಗೋಳ ಟಕ್ಕೆಂದು ಸದ್ದು ಮಾಡುತ್ತದೆ. ಮೂರನೆಯದು ಎಂಟು ಸಣ್ಣ ಘನಗಳು ಸೇರಿ ಆದ ಒಂದು ದೊಡ್ಡ ಘನ. ಅದನ್ನು ಬಿಡಿಸಬಹುದು, ಮತ್ತೆ ಕೂಡಿಸಬಹುದು. ಕುರ್ಚಿಯಾಗಿ, ಮೆಟ್ಟಿಲಾಗಿ, ಸೇತುವೆಯಾಗಿ ಕಟ್ಟಬಹುದು. ಅರ್ಧ, ಕಾಲು, ಅರೆಕಾಲು ಎಂಬ ಮಾತುಗಳು ಬಾಯಿಗೆ ಬರುವ ಮೊದಲೇ ಅವು ಕೈಗೆ ಪರಿಚಿತವಾಗುತ್ತವೆ. ಆಟ ಮುಗಿದ ಮೇಲೆ ತುಂಡುಗಳನ್ನೆಲ್ಲ ಕೂಡಿಸಿ ಇಡಿಯಾದ ಘನವನ್ನಾಗಿಯೇ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ನಿಯಮ. ಬಿಡಿಗಳೆಲ್ಲ ಒಂದು ಇಡಿಗೆ ಸೇರಿದವು ಎಂಬುದು ಫ್ರೋಬೆಲ್ಲರ ಜೀವನದರ್ಶನವೇ ಆಗಿತ್ತು.

ವಸ್ತುಗಳಷ್ಟೇ ಸಾಲವು, ಅವುಗಳೊಡನೆ ಮನುಷ್ಯನ ಧ್ವನಿಯೂ ಬೇಕು ಎಂಬುದು ಅವರ ದೃಢವಾದ ನಂಬಿಕೆ. ಹಳ್ಳಿಯ ತಾಯಂದಿರು ಕೂಸುಗಳನ್ನು ಆಡಿಸುವ ಬಗೆಯನ್ನು ಅವರು ಎಷ್ಟೋ ಕಾಲ ಗಮನಿಸಿದ್ದರು. ಓದುಬರಹ ಬಾರದ ಆ ತಾಯಂದಿರು ತಮಗೇ ತಿಳಿಯದಂತೆ ದೊಡ್ಡ ಶಿಕ್ಷಕಿಯರಾಗಿದ್ದರು. ಆ ಸಹಜ ಜಾಣ್ಮೆಯನ್ನೇ ತಳಹದಿಯಾಗಿ ಇಟ್ಟುಕೊಂಡು 1844ರಲ್ಲಿ ಅವರು ತಾಯಂದಿರಿಗಾಗಿ ಒಂದು ಹಾಡಿನ ಪುಸ್ತಕವನ್ನು ಹೊರತಂದರು. ಸುಮಾರು ಐವತ್ತು ಆಟದ ಹಾಡುಗಳು ಅದರಲ್ಲಿವೆ. ರಾಬರ್ಟ್ ಕೋಲ್ ಅವುಗಳಿಗೆ ಧಾಟಿಗಳನ್ನು ಕೂಡಿಸಿದರು. ಫ್ರೆಡರಿಕ್ ಉಂಗರ್ ಚಿತ್ರಗಳನ್ನು ಬರೆದರು. ಒಂದು ಹಾಡಿನಲ್ಲಿ ಮಗುವಿನ ಕೈ ಗೋಪುರದ ಮೇಲಣ ಗಾಳಿಕೋಳಿಯಂತೆ ಆ ಕಡೆ ಈ ಕಡೆ ತಿರುಗುತ್ತದೆ. ಇನ್ನೊಂದರಲ್ಲಿ ತೋಳು ಗಡಿಯಾರದ ಲೋಲಕವಾಗುತ್ತದೆ. ಮತ್ತೊಂದರಲ್ಲಿ ಪುಟ್ಟ ಅಂಗೈಗಳು ರೊಟ್ಟಿ ತಟ್ಟುತ್ತವೆ. ಬೆರಳುಗಳು ಗೂಡಿನಿಂದ ಹಾರಿ ಮರಳಿ ಬರುವ ಪಾರಿವಾಳಗಳಾಗುತ್ತವೆ. ಹಾಡಿನ ಪಕ್ಕದಲ್ಲಿ, ಈ ಆಟ ಏಕೆ ಎಂಬುದನ್ನು ತಾಯಿಗೆ ತಿಳಿಸುವ ಮಾತುಗಳೂ ಇವೆ. ಫ್ರೋಬೆಲ್ಲರು ಕವಿಯಲ್ಲ, ಅವರ ಪದ್ಯಗಳು ಒರಟು ಎಂದು ಟೀಕಿಸಿದವರುಂಟು. ಆದರೂ ಆ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಗಿ, ಲೆಕ್ಕವಿಲ್ಲದಷ್ಟು ಮನೆಗಳನ್ನು ಸೇರಿತು. ತಾಯಿಯ ಜೋಗುಳವನ್ನು ಕೇಳಿದ ನೆನಪಿಲ್ಲದ ಮಗುವೊಂದು ಮುಪ್ಪಿನಲ್ಲಿ ಲೋಕದ ಕೂಸುಗಳಿಗೆಲ್ಲ ಹಾಡು ಹೊಂದಿಸಿಕೊಟ್ಟಿತು ಎಂಬುದನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ.

ಇಷ್ಟೆಲ್ಲ ಆದರೂ ತಮ್ಮ ಶಿಶುಶಾಲೆಗೆ ಒಪ್ಪುವ ಹೆಸರು ಅವರಿಗೆ ಬಹುಕಾಲ ಹೊಳೆದಿರಲಿಲ್ಲ. ಶಾಲೆ ಎಂಬ ಪದ ಅವರಿಗೆ ಬೇಡವಾಗಿತ್ತು. ಅಲ್ಲಿ ಪಾಠಗಳನ್ನು ತುರುಕುವುದು ಅವರ ಉದ್ದೇಶವಲ್ಲ. 1840ರ ವಸಂತದಲ್ಲಿ ಗೆಳೆಯರೊಡನೆ ಬೆಟ್ಟದ ದಾರಿಯಲ್ಲಿ ಬ್ಲಾಂಕೆನ್‌ಬುರ್ಗಿಗೆ ನಡೆದು ಬರುತ್ತಿದ್ದಾಗ ಕೆಳಗೆ ಹಸುರು ಕಣಿವೆ ತೋಟದಂತೆ ಹರಡಿಕೊಂಡಿತ್ತು. ಫ್ರೋಬೆಲ್ಲರು ತಟ್ಟನೆ ನಿಂತರು. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರು ಆ ಕ್ಷಣದಲ್ಲಿ ಅವರಿಗೆ ಹೊಳೆಯಿತು. ಮಕ್ಕಳು ಸಸಿಗಳು, ಶಿಕ್ಷಕಿ ತೋಟಗಾತಿ. ಆ ವರ್ಷದ ಜೂನ್ 28ರಂದು ಕಿಂಡರ್‌ಗಾರ್ಟನ್ ವಿಧಿವತ್ತಾಗಿ ಸ್ಥಾಪಿತವಾಯಿತು. ಮಕ್ಕಳಿಗೆ ಅಲ್ಲಿ ನಿಜವಾದ ತೋಟವೂ ಇತ್ತು. ತಾವು ಬಿತ್ತಿದ ಬೀಜ ಮೊಳೆಯುವುದನ್ನು ಅವರು ತಾವೇ ಕಾಣುತ್ತಿದ್ದರು.

ಹೆಸರು ಸಿಕ್ಕಿತು, ಹಣ ಸಿಗಲಿಲ್ಲ. ಷೇರುಗಳನ್ನು ಮಾರಿ ಬಂಡವಾಳ ಕೂಡಿಸುವ ಯತ್ನ ಫಲಿಸಲಿಲ್ಲ. ಹೆಂಡತಿ ವಿಲ್ಹೆಲ್ಮಿನೆ 1839ರಲ್ಲಿಯೇ ತೀರಿಕೊಂಡಿದ್ದಳು. 1844ರಲ್ಲಿ ಬ್ಲಾಂಕೆನ್‌ಬುರ್ಗಿನ ಕಿಂಡರ್‌ಗಾರ್ಟನ್ ಬಾಗಿಲು ಮುಚ್ಚಿತು. ಫ್ರೋಬೆಲ್ಲರು ಎದೆಗುಂದಲಿಲ್ಲ, ಊರೂರು ಅಲೆದು ತಮ್ಮ ವಿಚಾರವನ್ನು ಸಾರಿದರು. ಚಿಕ್ಕ ಮಕ್ಕಳ ಶಿಕ್ಷಣಕ್ಕೆ ತರುಣಿಯರನ್ನು ತರಬೇತುಗೊಳಿಸಬೇಕೆಂದು ಅವರು ಹೇಳಿದಾಗ ನಕ್ಕವರು ಹಲವರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳಿಗೆ ಉದ್ಯೋಗದ ದಾರಿಗಳು ತೀರ ವಿರಳವಾಗಿದ್ದ ಕಾಲವದು. ಆದರೆ ಅವರ ಕರೆಗೆ ಓಗೊಟ್ಟು ಬಂದ ತರುಣಿಯರೇ ಮುಂದೆ ಕಿಂಡರ್‌ಗಾರ್ಟನ್ನನ್ನು ದೇಶದೇಶಗಳಿಗೆ ಕೊಂಡೊಯ್ದರು. ಲೀಬೆನ್‌ಸ್ಟೈನಿನಲ್ಲಿ ಮಾರೆನ್‌ಹೋಲ್ಟ್ಸ್ ಬ್ಯೂಲೋ ಅವರ ಭೇಟಿಯಾದ ಮೇಲೆ ಕೆಲಸಕ್ಕೆ ಹೊಸ ಬಲ ಬಂದಿತು. ಹತ್ತಿರದ ಮರಿಯೆಂಥಾಲ್ ಎಂಬಲ್ಲಿ ಒಂದು ಬಂಗಲೆ ದೊರೆತು, ಶಿಕ್ಷಕಿಯರ ತರಬೇತಿ ಸಾಗಿತು. 1851ರಲ್ಲಿ ತಮ್ಮ ಶಿಷ್ಯೆ ಲೂಯಿಸೆ ಲೆವಿನ್ ಅವರನ್ನು ಫ್ರೋಬೆಲ್ಲರು ಮದುವೆಯಾದರು. ಬಾಳಿನ ಸಂಜೆಯಲ್ಲಿ ನೆಮ್ಮದಿ ಬಂದಂತೆ ತೋರಿತು.

ಆ ನೆಮ್ಮದಿ ಕೆಲವೇ ವಾರಗಳದು. 1851ರ ಆಗಸ್ಟಿನಲ್ಲಿ ಪ್ರಷ್ಯ ಸರ್ಕಾರದ ಶಿಕ್ಷಣಮಂತ್ರಿ ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಅವು ಮಕ್ಕಳಲ್ಲಿ ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆ ಎಂಬುದು ಆರೋಪ. ಫ್ರೋಬೆಲ್ಲರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಎಂಬಾತ ಬರೆದಿದ್ದ ಒಂದು ಪುಸ್ತಿಕೆಯ ವಿಚಾರಗಳನ್ನು ಆಜ್ಞೆಯಲ್ಲಿ ಫ್ರೋಬೆಲ್ಲರ ಮೇಲೆಯೇ ಹೊರಿಸಲಾಗಿತ್ತು. ದೇವರಲ್ಲಿ ಅಚಲ ಶ್ರದ್ಧೆಯಿಟ್ಟಿದ್ದ ವೃದ್ಧರಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೆ ಇರಲಿಲ್ಲ. ತಪ್ಪನ್ನು ತೋರಿಸಿ ಅವರು ಮನವಿ ಮಾಡಿಕೊಂಡರು, ಮಂತ್ರಿ ಕದಲಲಿಲ್ಲ. ದೊರೆಗೆ ಸಲ್ಲಿಸಿದ ಬಿನ್ನಹವೂ ವ್ಯರ್ಥವಾಯಿತು. 1852ರ ಏಪ್ರಿಲಿನಲ್ಲಿ ಶಿಷ್ಯೆಯರೂ ಮಕ್ಕಳೂ ಹಾಡುತ್ತ ಅವರ ಎಪ್ಪತ್ತನೆಯ ಹುಟ್ಟುಹಬ್ಬವನ್ನು ಆಚರಿಸಿದರು. ಎರಡು ತಿಂಗಳ ಅನಂತರ, ಜೂನ್ 21ರಂದು, ಫ್ರೋಬೆಲ್ಲರು ಮರಿಯೆಂಥಾಲಿನಲ್ಲಿ ಕಣ್ಣುಮುಚ್ಚಿದರು. ತಮ್ಮ ಕಾರ್ಯ ಗೆಲ್ಲುವುದನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. ಷ್ವೈನಾ ಊರಿನಲ್ಲಿರುವ ಅವರ ಸಮಾಧಿಯ ಮೇಲೆ ಒಂದು ಘನ, ಅದರ ಮೇಲೆ ಸಿಲಿಂಡರು, ಅದರ ಮೇಲೆ ಗೋಳ ನಿಂತಿವೆ. ಮಕ್ಕಳ ಆಟಿಕೆಗಳೇ ಅವರ ಸ್ಮಾರಕವಾದವು.

ಪ್ರಷ್ಯದ ನಿಷೇಧ 1860ರಲ್ಲಿ ರದ್ದಾಯಿತು. ಅಷ್ಟರಲ್ಲಿ ತೋಟದ ಬೀಜಗಳು ಗಡಿಗಳನ್ನು ದಾಟಿದ್ದವು. 1851ರಲ್ಲಿ ಲಂಡನ್ನಿನಲ್ಲಿಯೂ, 1856ರಲ್ಲಿ ಅಮೆರಿಕದ ವಾಟರ್‌ಟೌನಿನಲ್ಲಿಯೂ ಜರ್ಮನಿಯಿಂದ ಹೋದ ಮಹಿಳೆಯರು ಕಿಂಡರ್‌ಗಾರ್ಟನ್ನುಗಳನ್ನು ತೆರೆದಿದ್ದರು. 1873ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಅದು ಸಾರ್ವಜನಿಕ ಶಾಲೆಗಳ ಅಂಗವಾಯಿತು. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು ತಮ್ಮ ಕಲೆಯ ಬೇರು ಬಾಲ್ಯದಲ್ಲಿ ತಾಯಿ ತಂದುಕೊಟ್ಟ ಫ್ರೋಬೆಲ್ ಘನಗಳಲ್ಲಿದೆ ಎಂದು ಸ್ಮರಿಸಿದ್ದಾರೆ.

ಫ್ರೋಬೆಲ್ಲರ ಎಲ್ಲ ವಿಚಾರಗಳೂ ಕಾಲದ ಪರೀಕ್ಷೆಯಲ್ಲಿ ಗೆದ್ದವೆಂದು ಹೇಳುವಂತಿಲ್ಲ. ಗೋಳದಲ್ಲಿಯೂ ಘನದಲ್ಲಿಯೂ ಅವರು ಕಂಡ ಗೂಢಾರ್ಥಗಳನ್ನು ಇಂದು ಒಪ್ಪುವವರು ಕಡಿಮೆ. ಅವರ ತರುವಾಯ ಬಂದ ಕೆಲವರು ಆಟಕ್ಕೂ ಕಟ್ಟುಕಟ್ಟಳೆಗಳನ್ನು ವಿಧಿಸಿ, ಅದರ ಜೀವವನ್ನೇ ಕುಂದಿಸಿದರು. ಆದರೆ ತಿರುಳು ಉಳಿಯಿತು. ಹುಟ್ಟುವ ಮೊದಲೇ ಕೂಸಿನ ಕಿವಿ ಕೇಳಬಲ್ಲದೆಂದೂ, ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ಧ್ವನಿಯನ್ನು ಗುರುತಿಸುವುದೆಂದೂ, ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಅತಿ ವೇಗವಾಗಿ ಬೆಳೆಯುವುದೆಂದೂ ವಿಜ್ಞಾನಿಗಳು ಈಗ ಕಂಡುಕೊಂಡಿದ್ದಾರೆ. ಬರಿಯ ಸಂಗೀತ ಕೇಳಿಸಿದ ಮಾತ್ರಕ್ಕೆ ಮಗು ಬುದ್ಧಿಶಾಲಿಯಾಗದು. ಆದರೆ ಪ್ರೀತಿಸುವವರು ಎದುರಿಗೆ ಕುಳಿತು, ಮುಖ ನೋಡಿ, ಹಾಡಿ, ಆಡಿಸಿದಾಗ ಅದರ ಮಾತೂ ಗಮನವೂ ನಂಬಿಕೆಯೂ ಬೆಳೆಯುತ್ತವೆ.

ಭಾರತದಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ನಮ್ಮ ಹಳ್ಳಿಹಳ್ಳಿಗಳಲ್ಲಿವೆ. ಬೆಳಗಿನ ಹೊತ್ತು ಅವುಗಳ ಮುಂದೆ ಹಾದುಹೋಗುವವರಿಗೆ ಮಕ್ಕಳು ಕೈ ಆಡಿಸುತ್ತ ಹಾಡುವ ದನಿ ಕೇಳಿಬರುತ್ತದೆ. ಮನೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳನ್ನು ಕಾಲಮೇಲೆ ಕೂರಿಸಿಕೊಂಡು ತೂಗುತ್ತ, ಚಪ್ಪಾಳೆ ತಟ್ಟಿಸುತ್ತ ಆಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಹೊತ್ತು ಕಳೆಯುವ ಆಟವಲ್ಲ. ಮನುಷ್ಯನ ಮೊಟ್ಟಮೊದಲ ಪಾಠ. ಈ ಮಾತನ್ನು ಲೋಕಕ್ಕೆ ತಿಳಿಸಿಕೊಡಲು ಒಬ್ಬ ಮಹನೀಯರು ಮರುಳನೆಂಬ ಹೆಸರನ್ನು ಹೊತ್ತರು. ಆ ಹೆಸರಿಗೆ ಅಂಜದೆ ಬರಿಗಾಲಿನ ಮಕ್ಕಳ ಕೈ ಹಿಡಿದು ಗುಡ್ಡ ಹತ್ತಿದರು.